ತಳದ ಕಾಗದ

ಕಾಗದದ ಮೇಲೆ ತಟ್ಟೆಯನ್ನು ಕೂಡಿಸು, ಮಾರಕ್ಕ,
ಸುತ್ತ ಗೆರೆ ಎಳೆ,
ಗೆರೆಯಿಂದ ನಾಲ್ಕು ಬೆರಳು ಆಚೆಗೆ ಕತ್ತರಿಸು.
ಮೂಲೆಗೊಂದು ಓರೆ ಕಚ್ಚು.
ಕಚ್ಚು ಕೊಡದ ಮೂಲೆ ಮುನಿಸಿಕೊಂಡು ಎದ್ದು ನಿಲ್ಲುತ್ತದೆ,
ಅದರ ಸಂದಿಗೇ ಹಿಟ್ಟು ನುಗ್ಗಿ ಕಚ್ಚಿಕೊಳ್ಳುತ್ತದೆ.

ನನಗಿದನ್ನು ಹೇಳಿಕೊಟ್ಟವನು ದಾದಾಪೀರ್ ಚಾಚಾ.
ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಿಂದಿನ ಓಣಿ,
ಜಾಲಿ ಕಟ್ಟಿಗೆಯ ಭಟ್ಟಿ, ನನಗೆ ಹನ್ನೊಂದು ವರ್ಷ.
ನೂರು ಹಾಳೆಗೆ ಎರಡು ರೂಪಾಯಿ, ಮೇಲೊಂದು ಮುರುಕು ಬನ್ನು.
ಅವ್ವನದು ಕತ್ತರಿ, ನನ್ನದು ಮಡಿಕೆ.

ಎಣ್ಣೆಗೇನು ಬರವೇ ಆ ಊರಲ್ಲಿ!
ಮಿಲ್ಲು ತಿರುಗುವಾಗ ಒಣಹಾಕಿದ ಲಂಗಕ್ಕೂ ಶೇಂಗಾ ವಾಸನೆ,
ಹಿಂಡಿ ಚೀಲ ಹೊತ್ತ ಅಪ್ಪನ ಬೆನ್ನು
ರಾತ್ರಿ ಲಾಟೀನಿಗೆ ಮಿಂಚುತ್ತಿತ್ತು.
ಆದರೂ ಅವ್ವ, "ಅರಿವೆ ಉಂಡೆ ಬ್ಯಾಡಣ್ಣ, ಎಣ್ಣೆ ಅದೇ ಕುಡೀತೈತೆ"
ಅಂದು ಬದನೆಕಾಯಿ ತೊಟ್ಟು ತಂದುಕೊಟ್ಟಳು,
ದೋಸೆ ಹೆಂಚಿಗೆ ಸವರುತ್ತಾರಲ್ಲ, ಹಾಗೆ.
ಚಾಚಾ ಬಿದ್ದು ಬಿದ್ದು ನಕ್ಕ.
ವಾರ ಕಳೆಯುವುದರೊಳಗೆ ಡಾಲ್ಡಾ ಡಬ್ಬಿಯೊಳಗೆ
ತೊಟ್ಟುಗಳ ಒಂದು ಗುಂಪೇ ತಲೆಕೆಳಗಾಗಿ ನಿಂತಿತ್ತು.

ಕಾಗದ ಎಲ್ಲಿಂದಲೋ ಬರುತ್ತಿತ್ತು.
ಹಳೇ ಪೇಪರು, ಯಾರೋ ಫೇಲಾದ ಉತ್ತರಪತ್ರಿಕೆ.
ಲಗ್ನಪತ್ರಿಕೆ ಮಾತ್ರ ಬೇಡ, ಬಣ್ಣ ಬಿಡುತ್ತದೆ.
ಬೆಂದ ಮೇಲೆ ಸುಲಿದು ನೋಡಿದರೆ
ಬ್ರೆಡ್ಡಿನ ಹೊಟ್ಟೆಗೆ ಅಕ್ಷರ ಹತ್ತಿರುತ್ತಿತ್ತು, ಉಲ್ಟಾ.
ಬಲದಿಂದ ಎಡಕ್ಕೆ ಕೂಡಿಸಿ ಕೂಡಿಸಿ ಓದುತ್ತಿದ್ದೆ.
"ನಮ್ದೂ ಹಂಗೇ ಕಣವ್ವ, ಬಲದಿಂದ್ಲೇ ಶುರು" ಅನ್ನುವನು ಚಾಚಾ.
ಒಮ್ಮೆ ನಾನು ಅವಸರಕ್ಕೆ ಎಡದಿಂದಲೇ ಓದಿ
ಬರ ಅನ್ನುವುದನ್ನು ರಬ ಅಂದೆ.
ತೋಬಾ ತೋಬಾ ಅಂದು ಆ ಚೂರನ್ನು
ಕಣ್ಣಿಗೊತ್ತಿಕೊಂಡು ತಿಂದ.

ಮಿಲ್ಲುಗಳು ಒಂದೊಂದೇ ನಿಂತ ವರ್ಷ
ಹಮಾಲರ ಚಹಾ, ಬನ್ನು ಎಲ್ಲ ಉದ್ರಿ.
ಗಲ್ಲದ ಮೇಲೆ ಕೆಂಪು ರಟ್ಟಿನ ಉದ್ದನೆ ಪುಸ್ತಕ.
ಒಂದು ಸಂಜೆ ಅದನ್ನೇ ತಂದು ಅವ್ವನ ಮುಂದಿಟ್ಟ.
"ಇದನ್ನಾ?"
"ಹೂಂ. ಪೇಪರ್ ಮುಗ್ದೈತೆ."
ಗೂಡಿನಲ್ಲಿ ಇನ್ನೂ ಎರಡು ಕಟ್ಟು ಇತ್ತು.
ಇತ್ತೆಂದೇ ನನ್ನ ನೆನಪು.
ಇರಲಿಲ್ಲ ಅನ್ನುತ್ತಾಳೆ ಅವ್ವ, ಈಗಲೂ.

ಕತ್ತರಿ ಹೆಸರುಗಳನ್ನು ನೋಡಲಿಲ್ಲ.
ಪಾಲಯ್ಯನ ಅರ್ಧ ಒಂದು ತಟ್ಟೆಗೆ, ಅರ್ಧ ಇನ್ನೊಂದಕ್ಕೆ.
ಬೋರಯ್ಯ, ಬನ್ನು ಎರಡು, ಟೀ ಒಂದು
ಅಂತ ಬರೆದ ಹಾಳೆ ಬಂದಾಗ
ಅವ್ವ ಏನೂ ಅನ್ನಲಿಲ್ಲ,
ಅದೊಂದಕ್ಕೆ ಮಾತ್ರ ಎಣ್ಣೆಯನ್ನು ಎರಡು ಸಲ ಸವರಿದಳು.

ಬೆಳಿಗ್ಗೆ ಅವರೆಲ್ಲ ಬಂದರು, ಅಪ್ಪನೂ.
ಚಹಾದಲ್ಲಿ ಅದ್ದಿ ತಿಂದರು. ಬನ್ನಿನ ತಳ ಯಾರು ನೋಡುತ್ತಾರೆ?
ನಾನು ನನ್ನದನ್ನು ಮಗುಚಿದೆ.
ಬಾಲ್‌ಪೆನ್ನಿನ ನೀಲಿ ಎಣ್ಣೆಯಲ್ಲಿ ಹರಡಿ
ಹೆಸರು, ಅಂಕಿ, ಒಂದೂ ತಿಳಿಯದು.
ಸೊನ್ನೆ ಮಾತ್ರ ಇತ್ತು.
ಸೊನ್ನೆ ಉಲ್ಟಾ ಆದರೂ ಸೊನ್ನೆಯೇ.
ಅದರ ಎಡಕ್ಕೆ ಏನಿತ್ತೋ, ನಾಲಿಗೆಗೆ ಸಿಹಿಯಷ್ಟೇ ಸಿಕ್ಕಿತು.

ಈಗ ನೋಡು, ಬಟರ್ ಪೇಪರಿನ ಸುರುಳಿ,
ಎಳೆದಷ್ಟೂ ಬಿಳಿ.
ಎಣ್ಣೆಯನ್ನೂ ಕೇಳುವುದಿಲ್ಲ, ಸುಮ್ಮನೆ ಬಿಟ್ಟುಕೊಡುತ್ತದೆ.
ಅಂಟಿತೆಂಬ ಗುರುತೂ ಇಲ್ಲ, ಬಿಟ್ಟಿತೆಂಬ ಗುರುತೂ ಇಲ್ಲ.
ನಾನು ಕೇಕನ್ನು ಬೋರಲು ಹಾಕಿ ತಳ ನೋಡುವಾಗ
ಏನು ಹುಡುಕ್ತೀಯಕ್ಕಾ ಅಂತ ಕೇಳ್ತೀಯಲ್ಲ,
ಬೆಂದಿದೆಯೋ ಇಲ್ಲವೋ ಅಂತ, ಮತ್ತೇನಿಲ್ಲ.

ಆ ಎಡಗಡೆ ಮೂಲೆಗೆ ಕಚ್ಚು ಮರೆತೆ.
ತೆಗೆ. ಮತ್ತೆ ಕೂಡಿಸು.
ಎತ್ತಲು ಎರಡು ಕಡೆ ಕಿವಿ ಬಿಡು.
ಹಿಟ್ಟು ಸುರಿದ ಮೇಲೆ ಕಟ್ಟೆಗೆ ಎರಡು ಸಲ ಕುಟ್ಟು,
ಒಳಗಿನ ಗಾಳಿ ಹೋಗಲಿ.