ಮರುನುಡಿ

ಚಿತ್ರದುರ್ಗದ ರೈಲು ನಿಲ್ದಾಣದ ಹಳದಿ ಹಲಗೆಯಡಿ
ಸಣ್ಣಕ್ಷರದಲ್ಲಿ ಬರೆದಿತ್ತು, ಸಮುದ್ರಮಟ್ಟದಿಂದ ಇಷ್ಟು ಮೀಟರು.
ಯಾವ ಸಮುದ್ರ, ಎಂದಿದ್ದೆ.
ಅಪ್ಪ ಸುತ್ತ ನೋಡಿದ: ಬಂಡೆ, ಸೀತಾಫಲದ ಬುಟ್ಟಿ,
ಬಳ್ಳಾರಿ ಕಡೆಯಿಂದ ಬಂದು ನಿಂತ ಅದಿರಿನ ಗೂಡ್ಸು.
"ಎಲ್ಲೋ ಐತಂತೆ ಬಿಡು. ಎಲ್ಲಾರೂ ಅಲ್ಲಿಂದ್ಲೇ ಅಳೀತಾರೆ,
ಅಷ್ಟು ಸಾಕು."

ಈಗ ಅದೇ ಊರಿನ ನೆತ್ತಿಯ ಮೇಲೆ, ರಾತ್ರಿ ಹನ್ನೊಂದೂವರೆ,
ಬಲಗಡೆಯ ಸೀಟಿನಲ್ಲಿ ನಾನು.
ಎತ್ತರದ ಮೀಟರಿನೊಳಗೆ ಕೂತಿರುವುದೂ ಅಂಥದೇ ಸಮುದ್ರ,
ಯಾವ ದಡಕ್ಕೂ ಬಡಿಯದ್ದು,
ಸಾವಿರದ ಹದಿಮೂರು ಎಂದು ನಾವೆಲ್ಲ ಒಪ್ಪಿ ತಿರುಗಿಸಿಟ್ಟದ್ದು.
ಸುಳ್ಳೇ ಇರಬಹುದು. ಎಲ್ಲರಿಗೂ ಒಂದೇ ಸುಳ್ಳು,
ಅದಕ್ಕೇ ಯಾರೂ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ.

ಕೆಳಗೆ ಜೋಗಿಮಟ್ಟಿಯ ಗಾಳಿಯಂತ್ರಗಳ ಕೆಂಪು ದೀಪ
ಮಿಣುಕಿ, ಆರಿ, ಮಿಣುಕಿ.
ಅದರಾಚೆ ಕತ್ತಲು.
ಆ ಕತ್ತಲು ಇಂಗಳದಾಳು.

ತಾಮ್ರದ ಗಣಿ ನಡೆಯುತ್ತಿದ್ದಾಗ ಅಪ್ಪ ಅಲ್ಲಿ ಗಂಟೆಯವನು.
ಶಾಫ್ಟಿನ ಬಾಯಲ್ಲಿ ನಿಂತು ಹಗ್ಗ ಜಗ್ಗುವ ಕೆಲಸ.
ಒಂದು ಹೊಡೆತಕ್ಕೆ ನಿಲ್ಲಿಸು, ಎರಡಕ್ಕೆ ಇಳಿಸು,
ಮೂರಕ್ಕೆ, ಹುಷಾರು, ತೊಟ್ಟಿಲಲ್ಲಿ ಮನುಷ್ಯರಿದ್ದಾರೆ.
ಯಂತ್ರದ ಮನೆಯಿಂದ ಕಾಟಯ್ಯ
ಅಷ್ಟೇ ಗಂಟೆ ವಾಪಸು ಹೊಡೆಯಬೇಕು,
ಹೊಡೆಯದೆ ಚಕ್ರ ತಿರುಗಿಸುವಂತಿಲ್ಲ.
ಅಪ್ಪನೂ ಕಾಟಯ್ಯನೂ ಐದು ವರ್ಷ ಮಾತು ಬಿಟ್ಟಿದ್ದರು,
ಒಂದು ಎಮ್ಮೆಯ ವ್ಯವಹಾರಕ್ಕೆ.
ಗಂಟೆ ಮಾತ್ರ ಒಂದು ದಿನವೂ ಬಿಟ್ಟಿರಲಿಲ್ಲ.

ಕಿವಿಯಲ್ಲಿ ಬೆಂಗಳೂರು, ನಿದ್ದೆಗೆಟ್ಟ ಹೆಣ್ಣುದನಿ:
ಇಳಿಯಿರಿ, ಎರಡು ಐದು ಸೊನ್ನೆಗೆ.
ತಿರುಗಿ ಹೇಳಿದೆ: ಇಳಿಯುತ್ತಿದ್ದೇವೆ, ಎರಡು ನಾಲ್ಕು ಸೊನ್ನೆಗೆ.
ಯಾಕೆ ನಾಲ್ಕೆಂದೆನೋ.
ಕಿವಿ ಕೇಳಿದ್ದು ಐದೇ,
ಬಾಯಿ ಇನ್ನೂ ಇಂಗಳದಾಳಿನಲ್ಲಿತ್ತು.

ಎರಡು ಕ್ಷಣ ಬರೀ ಗೊರಗೊರ.
ಆಮೇಲೆ ಆಕೆ, ಬೈಯದೆ, ದನಿ ಒಂಚೂರೂ ಏರಿಸದೆ:
ತಪ್ಪು. ಎರಡು, ಐದು, ಸೊನ್ನೆ.
ಎರಡು, ಐದು, ಸೊನ್ನೆ, ಎಂದೆ.
ಕ್ಯಾಪ್ಟನ್ ಗುಂಡಿ ತಿರುಗಿಸಿ ಅಂಕಿಗೆ ಬೆರಳಿಟ್ಟರು,
ನಾನೂ ಇಟ್ಟೆ.

ಇಳಿದು ಮಟ್ಟ ಹಿಡಿದ ಮೇಲೆ ಅದು ಬಂತು,
ಎದುರಿನಿಂದ, ಪುಣೆಗೋ ಎಲ್ಲಿಗೋ ಹೊರಟದ್ದು,
ನಮ್ಮ ಹೊಟ್ಟೆಯಡಿ ಸರಿಯಾಗಿ ಸಾವಿರ ಅಡಿ ಬಿಟ್ಟು
ಬಿಳಿ ದೀಪ ಹೊಡೆಯುತ್ತ ಹಾದುಹೋಯಿತು.
ಒಳಗೆ ಯಾರದೋ ತಲೆ ಪಕ್ಕದವರ ಹೆಗಲಿಗೆ ಬಿದ್ದಿರಬಹುದು,
ಯಾರೋ ಚಪ್ಪಲಿ ಹುಡುಕುತ್ತಿರಬಹುದು.

ನನಗೇ ತಿಳಿಯದೆ ತೊಡೆಯ ಮೇಲೆ ಬೆರಳು
ಮೂರು ಸಲ ಬಡಿಯಿತು.
ಏನು, ಎಂದರು ಕ್ಯಾಪ್ಟನ್.
ಏನಿಲ್ಲ, ಎಂದೆ.
ಏನಿಲ್ಲ, ಎಂದರು ಅವರೂ,
ರೂಢಿಯಂತೆ.