ಕಬ್ಬಿಣದ ಎಣ್ಣೆ

ಕೌಲ್ ಬಜಾರಿನ ನನ್ನ ಶೆಡ್ಡಿಗೆ
ಗಾದಿಲಿಂಗಪ್ಪ ತಂದ ಕಾರು
ಮುಂದಿನ ಎಡಗಾಲು ಕುಂಟುತ್ತ ಬಂದು
ಮೂಗು ತಗ್ಗಿಸಿ ನಿಂತಿತು.
ಮೀಟರಿನೊಳಗೆ ಹಳದಿ ದೀಪ,
ದೀಪದ ಕೆಳಗೆ ಯಾವುದೋ ಭಾಷೆಯಲ್ಲಿ ತಕರಾರು.

ಕಂಪನಿಯವರು ಹುಬ್ಬಳ್ಳಿಯಿಂದ ರೇಟು ಕಳಿಸಿದ್ದರು:
ಶಾಕ್ ಅಬ್ಸಾರ್ಬರ್ ಒಂದಕ್ಕೆ
ಒಂದು ಲಕ್ಷ ಹದಿನೆಂಟು ಸಾವಿರ.
ಗಾಲಿ ನಾಲ್ಕು. ಕೂಲಿ ಬೇರೆ.
"ಹೊನ್ನೂರಣ್ಣ, ಈ ದುಡ್ಡಿಗೆ ಇನ್ನೊಂದು ಕಾರೇ ಬರ್ತೈತಲ್ಲ?"
"ಬರ್ತೈತಿ. ಇಂಥದ್ದು ಬರಲ್ಲ."

ಗಣಿ ಗುಡುಗುತ್ತಿದ್ದ ಕಾಲದ್ದು ಇದು.
ಧಣಿ ಒಂದೇ ಸಲ ಮೂರು ತರಿಸಿದ್ದ,
ಮೂರರಲ್ಲಿ ಒಂದಕ್ಕೆ ಇವನು ಡ್ರೈವರು.
ಗಣಿ ನಿಂತ ವರ್ಷ
ಹದಿನಾಲ್ಕು ತಿಂಗಳ ಪಗಾರದ ಬದಲು
ಚಾವಿ ಕೈಗಿಟ್ಟು, ಹೋಗು ಅಂದರಂತೆ.
ಪೆಟ್ರೋಲಿಗೆ ಏನೂ ಕೊಡಲಿಲ್ಲವಂತೆ.

ದಿಲ್ಲಿಯಿಂದ ಲಾರಿ ಪಾರ್ಸೆಲ್ಲಿನಲ್ಲಿ ಬಂದವು ಸಾದಾವು.
ಒಂದು ಕೊಳವೆ, ಒಂದು ಕಡ್ಡಿ, ಒಳಗೆ ಬರೀ ಎಣ್ಣೆ.
ಕರೆಂಟಿಲ್ಲ, ಬುದ್ಧಿಯಿಲ್ಲ.
ನಾಲ್ಕಕ್ಕೂ ಸೇರಿ ಮೂವತ್ತೊಂದು ಸಾವಿರ.

ಹಳೇವು ಬಿಚ್ಚಲು ಎರಡು ದಿನ.
ತುಕ್ಕು ಯಾವುದು, ಸಂಡೂರಿನ ಧೂಳು ಯಾವುದು,
ಬೋಲ್ಟಿನ ತಲೆಗೇ ಗೊತ್ತಿರಲಿಲ್ಲ.
ಡೀಸೆಲ್ ಹುಯ್ದು ಇಡೀ ರಾತ್ರಿ ಬಿಟ್ಟೆ.
ಬೆಳಿಗ್ಗೆ ಪೈಪು ಸಿಕ್ಕಿಸಿ ಜೋತುಬಿದ್ದಾಗ
ಕಿರ್ರೆಂದು ಬಿಟ್ಟುಕೊಟ್ಟಿತು,
ಪಾಲು ಪಂಚಾಯ್ತಿಯಲ್ಲಿ ಹಿರೇಮನುಷ್ಯ ಒಪ್ಪಿದ ಹಾಗೆ.

ಹೊಸವು ಕೂತವು. ದೀಪ ಮಾತ್ರ ಹಟ ಬಿಡಲಿಲ್ಲ.
ಯರ್ರಿಸ್ವಾಮಿಯ ರೇಡಿಯೋ ಅಂಗಡಿಯಿಂದ
ಶೇಂಗಾ ಬೀಜದಷ್ಟು ದಪ್ಪದ ರೆಸಿಸ್ಟರು ನಾಲ್ಕು ತಂದು
ಖಾಲಿ ಪ್ಲಗ್ಗುಗಳಿಗೆ ಬೆಸೆದೆ.
ಕಂಪ್ಯೂಟರು ಕೇಳಿತು: ಇದ್ದೀಯಾ?
ಶೇಂಗಾ ಬೀಜ ಅಂದಿತು: ಇದ್ದೀನಿ ಧಣೀ, ಎಲ್ಲ ಸುಸೂತ್ರ.
ದೀಪ ಆರಿತು.

ಮಧ್ಯಾಹ್ನ ಕೆಲಸವಿರಲಿಲ್ಲ.
ಲಕ್ಷದ ಹದಿನೆಂಟರ ಹೊಟ್ಟೆಯಲ್ಲಿ ಏನೈತೆ ನೋಡೋಣವೆಂದು
ಒಂದನ್ನು ಗರಗಸಕ್ಕೆ ಕೊಟ್ಟೆ.
ತಗಡಿನ ಮೇಲೆ ಸುರಿಯಿತು ಎಣ್ಣೆ,
ಕಾಡಿಗೆಗಿಂತ ಕಪ್ಪು, ಕೆಸರಿಗಿಂತ ಭಾರ.
ಹಳೇ ಸ್ಪೀಕರಿನ ಆಯಸ್ಕಾಂತ ಹತ್ತಿರ ಹಿಡಿದರೆ
ಎಣ್ಣೆ ಎದ್ದು ನಿಂತಿತು!
ಮುಳ್ಳುಮುಳ್ಳಾಗಿ, ಮುಳ್ಳುಹಂದಿ ಮರಿಯ ಹಾಗೆ.

ಒಳಗೆ ಇದ್ದದ್ದು ಕಬ್ಬಿಣದ ಪುಡಿ.
ಕರೆಂಟು ಹರಿದರೆ ಗಟ್ಟಿ, ಬಿಟ್ಟರೆ ನೀರು,
ಗುಂಡಿ ಕಂಡಾಗಲೆಲ್ಲ ಸೆಟೆದು ನಿಂತು ಪೆಟ್ಟು ತಿನ್ನುವ ಪುಡಿ.
ನಮ್ಮ ಗುಡ್ಡದ್ದೋ, ಇನ್ನಾವ ದೇಶದ ಗುಡ್ಡದ್ದೋ,
ಕಬ್ಬಿಣ ಊರು ಹೇಳುವುದಿಲ್ಲ.

ಸಂಜೆ ಕುಡತಿನಿ ಕಡೆಗೆ ಹೊರಟೆವು, ನೋಡಿ ಬರಲು.
ಗಾದಿಲಿಂಗಪ್ಪ ಹಟ ಮಾಡಿ ನನ್ನನ್ನು ಹಿಂದೆ ಕೂರಿಸಿದ,
ಧಣಿ ಕೂರುತ್ತಿದ್ದ ಮೂಲೆಯಲ್ಲಿ.
ಸೀಟಿನ ಚರ್ಮ ಇನ್ನೂ ಮೆತ್ತಗಿತ್ತು,
ನನ್ನ ಪ್ಯಾಂಟಿನ ಗ್ರೀಸಿಗೆ ಹೆದರಿ ಅರ್ಧ ಕೂತೆ.

ಮೊದಲ ಗುಂಡಿಗೆ ಹಲ್ಲು ಹಲ್ಲಿಗೆ ತಾಕಿತು.
ಎರಡನೆಯದಕ್ಕೆ ತಲೆ ಚಾವಣಿಗೆ.
ಮೂರನೆಯದಕ್ಕೆ ಅವನು ನಿಧಾನ ಮಾಡಿದ.
"ಹನ್ನೊಂದು ವರ್ಷ ಇದೇ ರೋಡು, ಅಣ್ಣ.
ಗುಂಡಿ ಇರೋದು ಕಣ್ಣಿಗೆ ಗೊತ್ತಿತ್ತು,
ಸೊಂಟಕ್ಕೆ ಇವತ್ತೇ ಗೊತ್ತಾಗಿದ್ದು."
ಸ್ವಲ್ಪ ದೂರ ಸುಮ್ಮನೆ ಓಡಿಸಿ,
"ಹಿಂದೆ ಕುಂತವರಿಗೆ ಕಣ್ಣಿಗೂ ಗೊತ್ತಿರಲಿಲ್ಲ.
ಅವರ ಲಾರಿಗಳೇ ತೋಡಿದ ಗುಂಡಿ.
ಚಾ ಕುಡೀತಿದ್ರು, ಒಂದು ಹನಿ ತುಳುಕಿದ್ದು ನಾ ನೋಡಿಲ್ಲ."

ಎದುರಿಗೆ ಅದಿರಿನ ಲಾರಿ, ಹಿಂದೊಂದು, ಅದರ ಹಿಂದೊಂದು.
ಗಾಜು ಏರಿಸಿದೆವು.
ನಾನು ಯಾಕೋ ಪೂರ್ತಿ ಹಿಂದಕ್ಕೆ ಒರಗಿ ಕೂತೆ.
ಗ್ರೀಸು ಹತ್ತಿದರೆ ಹತ್ತಲಿ.

ನಾಲ್ಕು ನೂರು ಬಾಕಿ ಉಳಿಸಿ ಹೋಗಿದ್ದಾನೆ,
ಬಂದಾಗ ಕೊಡ್ತಾನೆ.
ಆಯಸ್ಕಾಂತ ಅಂಗಿಯ ಜೇಬಿನಲ್ಲೇ ಉಳಿದಿತ್ತು.
ಎಷ್ಟು ಒರೆಸಿದರೂ ಅದರ ಮೂತಿಗೆ
ಆ ಕಪ್ಪು ಗಡ್ಡ.