ಒದ್ದೆ ಬಳೆ

ಶನಿವಾರ ರಾತ್ರಿ ಮೆಸ್ಸಿನ ಕೊನೆಯ ತಟ್ಟೆ ತೊಳೆದಿಟ್ಟು
ನಜರಬಾದಿನ ನಮ್ಮ ವಠಾರದ ಅಂಗಳ ದಾಟಿ ಬರುತ್ತಾಳೆ ನಿಂಗರಾಜಮ್ಮ,
ಸೆರಗಿಗೆ ಕೈ ಒರೆಸುತ್ತ, ಬಾಗಿಲಲ್ಲೇ ನಿಂತು:
"ಸಾ, ಇವತ್ತ್ ಯಾವ್ದ್ ನೋಡ್ಲಿ?"

ಸಿನಿಮಾದ ಹೆಸರು ನನಗೆ ನೆನಪಿರುವುದಿಲ್ಲ.
ಮೂವತ್ತೊಂದು ವರ್ಷ ಕತ್ತಲ ಕೋಣೆಯಲ್ಲಿ
ಪರದೆ ನೋಡಿಕೊಂಡು ಸದ್ದು ಮಾಡಿದವನು ನಾನು.
ಟೈಟಲ್ಲಿನಲ್ಲಿ ನನ್ನ ಹೆಸರು ಬರುವಾಗ
ಜನ ಇನ್ನೂ ಸೈಕಲ್ಲು ನಿಲ್ಲಿಸುತ್ತಿದ್ದರು.
ಅದಕ್ಕೆ ಹೀಗೆ ಹೇಳುತ್ತೇನೆ:
ಒಬ್ಬ ಗುಮಾಸ್ತ, ಒಂದು ಕೊಡೆ,
ಅರ್ಧ ಗಂಟೆ ಯಾರೂ ಮಾತಾಡುವುದಿಲ್ಲ, ಅದು.
ಊಟಕ್ಕೆ ಬರುವ ಕಾಲೇಜು ಹುಡುಗರು
ಹೇಗೋ ಹುಡುಕಿ ಅವಳ ಟೀವಿಗೆ ಹಾಕಿಕೊಡುತ್ತಾರೆ.

ಫ್ಯಾನು ಆರಿಸು, ಅನ್ನುತ್ತೇನೆ. ಕುಕ್ಕರು ಇಳಿಸಿಬಿಟ್ಟಿರು.
ಹೊಡೆದಾಟ ಬೇಕಾದರೆ ಯಾವುದಾದರೂ ನೋಡು,
ಮುರಿಯುವ ಮೂಳೆಯೆಲ್ಲ ಮಂಡ್ಯದ ಕಬ್ಬು;
ಖಳನ ಪಕ್ಕೆಲುಬು ಮುರಿದಾದ ಮೇಲೆ
ಟೀ ಬರುವ ತನಕ ಅದನ್ನೇ ಜಗಿಯುತ್ತಿದ್ದೆವು.
ಹಿಮ ನಾನು ಕಂಡವನಲ್ಲ.
ನಾಯಕ ಕಾಶ್ಮೀರದಲ್ಲಿ ನಡೆದದ್ದು
ಅರಾರೂಟಿನ ಚೀಲದ ಮೇಲೆ, ನನ್ನ ಕಾಲಲ್ಲಿ.
ಅವನ ಹಿಂದೆ ಓಡಿ ಬಂದ ನಾಯಕಿಯೂ ನಾನೇ:
ಎಂಬತ್ತು ಕೇಜಿ, ಮೀಸೆ, ಹೈ ಹೀಲ್ಸು.

ಬಾಗಿಲು ಮುಚ್ಚಿದ್ದನ್ನು ತೋರಿಸದ ಸಿನಿಮಾ ನೋಡು.
ಕಂಡರೆ ಮುಗಿಯಿತು,
ಬರೀ ಕೇಳಿದರೆ, ಹೋದವರು ಯಾರೆಂದು
ನೀನೇ ಎದೆಯೊಳಗೆ ಹಾಜರಿ ಕೂಗುತ್ತೀ.
ಕತ್ತರಿ ಪಾಲಾಕ್ಷ ಹೇಳುತ್ತಿದ್ದ, ಸಂಕಲನದವನು:
ಮಾತು ಮುಗಿದ ಮೇಲೆ ಎರಡು ಎಣಿಸು, ಆಮೇಲೆ ಕತ್ತರಿಸು,
ಅಳುವವರು ಅಳುವುದು ಆ ಎರಡರಲ್ಲಿ.

ಹೋದ ವಾರ, ಸ್ವಲ್ಪ ಜಂಬದಿಂದಲೇ, ನನ್ನದೊಂದು ಹೇಳಿದೆ.
ಗಂಡ ಜೈಲಿಂದ ಬಿಡುಗಡೆಯಾದನೆಂದು ಯಾರೋ ಬಂದು ಹೇಳುತ್ತಾರೆ.
ಅವಳು ಏಳುವುದಿಲ್ಲ. ರಾಗಿ ರೊಟ್ಟಿ ತಟ್ಟುತ್ತಲೇ ಇರುತ್ತಾಳೆ.
ಕ್ಯಾಮೆರಾ ಮುಖಕ್ಕೆ ಹೋಗುವುದಿಲ್ಲ,
ಬೆನ್ನ ಹಿಂದೆ ನಿಂತುಬಿಡುತ್ತದೆ, ಮರ್ಯಾದಸ್ಥ ನೆಂಟನ ಹಾಗೆ.
ಮಾತಾಡುವುದು ಬಳೆ ಒಂದೇ.
ಆ ಬಳೆ ನಾನು.
ದೇವರಾಜ ಮಾರುಕಟ್ಟೆಯ ಹಸಿರು ಗಾಜು, ಎರಡು ಡಜನ್,
ಹದಿನೇಳು ಟೇಕು, ಮಣಿಕಟ್ಟಿನ ತುಂಬ ಗೀರು.
ನಿರ್ದೇಶಕರು ಎದ್ದು ಬಂದು ಅಪ್ಪಿಕೊಂಡಿದ್ದರು.

ಬೆಳಿಗ್ಗೆ ನೀರು ಹಿಡಿಯುವಾಗ ಕೇಳಿದೆ, ಹೇಗಿತ್ತು?
"ಚೆನ್ನಾಗದೆ ಸಾ," ಅಂದಳು. ಬಿಂದಿಗೆ ತುಂಬುವ ತನಕ ಸುಮ್ಮನಿದ್ದು,
"ಆದ್ರೆ ಆ ಹೆಂಗ್ಸು ರೊಟ್ಟಿ ತಟ್ತಾ ಇಲ್ಲ.
ತಟ್ಟೋಳ ಕೈ ಒದ್ದೆ ಇರ್ತದೆ,
ಬಳೇಗೆಲ್ಲ ಹಿಟ್ಟು ಮೆತ್ಕೊಂಡಿರ್ತದೆ,
ಹಂಗೆ ಕಿಣಿಕಿಣಿ ಅನ್ನಲ್ಲ ಅದು.
ನೆಗಡಿ ಬಂದು ಮೂಗು ಕಟ್ಟದಂಗೆ ಅಂತದೆ."

ಬಿಂದಿಗೆ ಎತ್ತಿಕೊಂಡು ಹೋದಳು.

ಆ ಕೋಣೆಯಲ್ಲಿ ಹನ್ನೊಂದು ಜನ ಇದ್ದೆವು.
ರೊಟ್ಟಿ ತಿಂದವರೇ ಎಲ್ಲ.
ತಟ್ಟಿದವರು ಒಬ್ಬರೂ ಇರಲಿಲ್ಲ.

ಮೊನ್ನೆ ರಾತ್ರಿ ಟ್ರಂಕು ತೆಗೆದೆ. ಎರಡು ಡಜನ್ನಿನಲ್ಲಿ ಉಳಿದದ್ದು ಐದು.
ತುಂಬ ಹೊತ್ತು ಅಡುಗೆಮನೆಯ ನೆಲದ ಮೇಲೆ ಕೂತು
ಹಿಟ್ಟು ಕಲಸಿದೆ, ಬಳೆ ತೊಟ್ಟೆ, ತಟ್ಟಿದೆ.
ಸದ್ದು ಹೆಚ್ಚುಕಮ್ಮಿ ಬಂತು.
ಪೂರ್ತಿ ಬರಲಿಲ್ಲ.

ಇವತ್ತು ಶನಿವಾರ. ಬಾಗಿಲಲ್ಲಿ ಅದೇ ಪ್ರಶ್ನೆ.
ಅದೇ ಸಿನಿಮಾ ಇನ್ನೊಂದು ಸಲ ಹಾಕು, ಅಂದೆ,
ರೊಟ್ಟಿಯ ಹೊತ್ತಿಗೆ ಟೀವಿ ಬಾಯಿ ಮುಚ್ಚಿಸು.
ಹಿಟ್ಟು, ಬಳೆ ತೆಗೆದುಕೊಂಡು ನಾನೇ ಬರುತ್ತೇನೆ.

"ಬಳೆ ತನ್ನಿ," ಅಂದಳು. "ಹಿಟ್ಟು ನಾನ್ ಕಲಸ್ತೀನಿ.
ನಿಮ್ದು ತೆಳ್ಳಗಾಗಿತ್ತು,
ಮೊನ್ನೆ ರಾತ್ರಿ ಗೋಡೆ ಆಚೆಯಿಂದ ಕೇಳಿಸ್ತು."